ಉತ್ತರ ಬೆಂಗಳೂರಿನ ಕೈತೋಟಗಳಲ್ಲಿ ಬೀಟ್‌ರೂಟ್ ಕೃಷಿ

ಬೀಟ್‌ರೂಟ್ ಅಮರಾಂತೇಸಿ ಕುಟುಂಬಕ್ಕೆ ಸೇರಿದ ಗಡ್ಡೆ ತರಕಾರಿ. ಇದರ ವೈಜ್ಞಾನಿಕ ಹೆಸರು ಬೀಟಾ ವಲ್ಗ್ಯಾರಿಸ್. ದಂಟು, ಪಾಲಕ್ ಮತ್ತು ಚಕ್ಕೋತ ಸೊಪ್ಪುಗಳು ಇದೇ ಕುಟುಂಬದ ಸಸ್ಯಗಳು. ಬೆಂಗಳೂರಿನ ಉತ್ತರ ಭಾಗದ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಮೊದಲಾದ ಬಡಾವಣೆಗಳಲ್ಲಿ ಇದನ್ನು ಮನೆಯ ಹಿತ್ತಿಲಿನಲ್ಲಿ, ತಾರಸಿಯ ಮೇಲಿನ ಕುಂಡ ಮತ್ತು ಚೀಲಗಳಲ್ಲಿ ಬೆಳೆಯಲಾಗುತ್ತದೆ. ತಂಪು ಹವೆಯ ಬೆಳೆಯಾದರೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಪ್ರದೇಶದ ಹವಾಗುಣಕ್ಕೆ ಅದು ಚೆನ್ನಾಗಿ ಹೊಂದಿಕೊಂಡಿದೆ. ಸೊಪ್ಪು ಹುಲುಸಾಗಿ ಬೆಳೆದೂ ಗಡ್ಡೆ ಕಟ್ಟದಿರುವುದು ಮತ್ತು ಬೇಸಿಗೆಯ ನೀರಿನ ಕೊರತೆ ಇಲ್ಲಿನ ಕೈತೋಟಗಳಲ್ಲಿ ಈ ಬೆಳೆ ಎದುರಿಸುವ ಎರಡು ಮುಖ್ಯ ತೊಡಕುಗಳು.

ಸಸ್ಯದ ಸ್ವರೂಪ

ಬೀಟ್‌ರೂಟ್ ದ್ವೈವಾರ್ಷಿಕ ಸಸ್ಯ. ಮೊದಲ ವರ್ಷ ಎಲೆ ಮತ್ತು ಗಡ್ಡೆಯನ್ನು ಬೆಳೆಸಿಕೊಂಡು, ಚಳಿಗಾಲವನ್ನು ಕಳೆದ ನಂತರ ಎರಡನೆಯ ವರ್ಷ ಹೂಬಿಟ್ಟು ಬೀಜ ಕಟ್ಟುವುದು ಇದರ ಸ್ವಭಾವ. ಹೂ ಬಿಡಲು ಹಲವು ವಾರಗಳ ಕಾಲ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶ ಬೇಕಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳು ಸರಾಸರಿ 15–16 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲವಾದ್ದರಿಂದ ಇಲ್ಲಿ ಗಿಡ ಹೂ ಬಿಡುವುದು ಅಪರೂಪ. ಗಡ್ಡೆ ಬಲಿಯುವ ಮುನ್ನವೇ ಹೂಗೊಂಚಲು ಹೊರಟು ಬೆಳೆ ಹಾಳಾಗುವ ಭಯ ಇಲ್ಲಿನ ಬೆಳೆಗಾರರಿಗಿಲ್ಲ. ಆದರೆ ಬದನೆ ಅಥವಾ ಅವರೆಯಂತೆ ತನ್ನ ತೋಟದ ಬೀಜವನ್ನೇ ಮುಂದಿನ ವರ್ಷಕ್ಕೆ ಎತ್ತಿಡುವ ಅನುಕೂಲವೂ ಇಲ್ಲ. ಬೀಜವನ್ನು ಪ್ರತಿ ಬಾರಿಯೂ ಕೊಳ್ಳಲೇಬೇಕು. ಭಾರತದಲ್ಲಿ ಇಂತಹ ಶೀತವಲಯದ ತರಕಾರಿಗಳ ಬೀಜೋತ್ಪಾದನೆ ಹಿಮಾಚಲ ಪ್ರದೇಶ, ಕಾಶ್ಮೀರ ಮೊದಲಾದ ಬೆಟ್ಟಪ್ರದೇಶಗಳಲ್ಲಿ ನಡೆಯುತ್ತದೆ.

ಗಡ್ಡೆಯೆಂದು ಕರೆಯಲಾಗುವ ಭಾಗ ಪೂರ್ತಿಯಾಗಿ ಬೇರಲ್ಲ. ಮೊಳಕೆಯ ಎಳೆಗಾಂಡದ ಕೆಳಭಾಗವೂ ತಾಯಿಬೇರಿನ ಮೇಲ್ಭಾಗವೂ ಕೂಡಿ ಊದಿಕೊಂಡು ಗಡ್ಡೆಯಾಗುತ್ತದೆ. ಈ ಕಾರಣದಿಂದ ಗುಂಡು ತಳಿಗಳ ಗಡ್ಡೆ ಅರ್ಧದಷ್ಟು ನೆಲದ ಮೇಲೆಯೇ ಕುಳಿತಂತೆ ಕಾಣುತ್ತದೆ. ಕ್ಯಾರೆಟ್ಟಿಗೆ ಸಾಲದಷ್ಟು ಆಳವಿಲ್ಲದ ಕುಂಡದಲ್ಲಿ ಬೀಟ್‌ರೂಟ್ ಬೆಳೆಯಲು ಸಾಧ್ಯವಾಗುವುದೂ ಇದರಿಂದಲೇ. ಅಡ್ಡಲಾಗಿ ಕತ್ತರಿಸಿದಾಗ ಕಾಣುವ ಉಂಗುರಗಳು ಮರದ ಕಾಂಡದಲ್ಲಿರುವಂತೆ ವರ್ಷದ ಗುರುತುಗಳಲ್ಲ. ಒಂದರ ಹೊರಗೊಂದರಂತೆ ಹುಟ್ಟುವ ಹಲವು ಬೆಳವಣಿಗೆಯ ಪದರಗಳು ಅವು.

ಬೀಟ್‌ರೂಟಿನ ಬಣ್ಣಕ್ಕೆ ಕಾರಣ ಬೀಟಲೇನ್ ಎಂಬ ವರ್ಣದ್ರವ್ಯಗಳು. ಕೆಂಪು ದಂಟು, ಬಸಳೆಯ ಹಣ್ಣು, ಕಾಗದದ ಹೂವು ಮತ್ತು ಪಾಪಸುಕಳ್ಳಿ ಹಣ್ಣುಗಳ ಬಣ್ಣವೂ ಇದೇ ವರ್ಗದ್ದು. ನೇರಳೆ, ಬದನೆ ಮೊದಲಾದವುಗಳ ಬಣ್ಣ ರಾಸಾಯನಿಕವಾಗಿ ಬೇರೆಯದು. ಮಳೆ ಬಿದ್ದ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ಸಂಯುಕ್ತ ಬೀಟ್‌ರೂಟಿನಲ್ಲಿಯೂ ಇದೆ. ಈ ತರಕಾರಿಯನ್ನು ಕೆಲವರು ಮೂಸಿಯೂ ನೋಡದಿರುವುದಕ್ಕೆ ಅದೇ ಕಾರಣ.

ಹಿನ್ನೆಲೆ

ಬೀಟ್‌ರೂಟಿನ ಕಾಡುಮೂಲ ಯುರೋಪು ಮತ್ತು ಮೆಡಿಟರೇನಿಯನ್ ಕರಾವಳಿಗಳಲ್ಲಿ ಬೆಳೆಯುವ ಕಡಲ ಬೀಟ್. ಪ್ರಾಚೀನರು ಅದರ ಸೊಪ್ಪನ್ನು ತಿನ್ನುತ್ತಿದ್ದರು. ಗಡ್ಡೆಗಾಗಿ ಬೆಳೆಯುವ ರೂಢಿ ಬಂದದ್ದು ತಡವಾಗಿ. 1747ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಆಂಡ್ರಿಯಾಸ್ ಮಾರ್ಗ್ರಾಫ್ ಬೀಟ್ ಗಡ್ಡೆಯಲ್ಲಿರುವ ಸಕ್ಕರೆಯು ಕಬ್ಬಿನ ಸಕ್ಕರೆಯೇ ಎಂದು ತೋರಿಸಿಕೊಟ್ಟನು. ಯುರೋಪಿನ ಸಕ್ಕರೆ ಬೀಟ್ ಉದ್ಯಮ ಅಲ್ಲಿಂದ ಹುಟ್ಟಿತು.

ಕನ್ನಡದಲ್ಲಿ ಈ ತರಕಾರಿಗೆ ಬಳಕೆಯಲ್ಲಿರುವ ದೇಶೀ ಹೆಸರಿಲ್ಲ. ಕ್ಯಾರೆಟ್, ನವಿಲುಕೋಸು, ಹೂಕೋಸುಗಳೊಡನೆ ಇದನ್ನೂ ಬೆಂಗಳೂರಿನಲ್ಲಿ ‘ಇಂಗ್ಲಿಷ್ ತರಕಾರಿ’ಗಳ ಸಾಲಿಗೆ ಸೇರಿಸುವ ರೂಢಿಯಿತ್ತು. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಸ್ಥಾಪನೆಯಾದ ನಂತರ ಇಂತಹ ತರಕಾರಿಗಳಿಗೆ ಬೇಡಿಕೆ ಬೆಳೆಯಿತು. ದಂಡಿನ ಬಂಗಲೆಗಳ ವಿಶಾಲ ಆವರಣಗಳಲ್ಲಿಯೂ ನಗರದ ಸುತ್ತಲಿನ ತೋಟಗಳಲ್ಲಿಯೂ ಅವುಗಳನ್ನು ಬೆಳೆಯಲಾಯಿತು.

ನಗರದ ಉತ್ತರ ಭಾಗಕ್ಕೆ ಕೃಷಿ ಸಂಶೋಧನೆಯ ದೀರ್ಘ ಇತಿಹಾಸವಿದೆ. ಮೈಸೂರು ಸಂಸ್ಥಾನದ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರು 1899ರಲ್ಲಿ ನೀಡಿದ 30 ಎಕರೆ ಜಮೀನಿನಲ್ಲಿ ಹೆಬ್ಬಾಳದ ಪ್ರಾಯೋಗಿಕ ಕೃಷಿ ಕೇಂದ್ರ ಆರಂಭವಾಯಿತು. ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1913ರಲ್ಲಿ, ಅಲ್ಲಿ ಕೃಷಿ ಶಾಲೆ ಸ್ಥಾಪನೆಯಾಯಿತು; 1946ರಲ್ಲಿ ಕೃಷಿ ಕಾಲೇಜು ಬಂದಿತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ರೂಪುಗೊಂಡಿತು. ಅದರ ಇಂದಿನ ಮುಖ್ಯ ಆವರಣವಾದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಹೆಬ್ಬಾಳ ಮತ್ತು ಯಲಹಂಕಗಳ ನಡುವೆ ಬಳ್ಳಾರಿ ರಸ್ತೆಯ ಬದಿಯಲ್ಲಿದೆ. ‘ಜಿಕೆವಿಕೆ’ ಎಂದೇ ಪರಿಚಿತವಾದ ಈ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ರೈತರಂತೆಯೇ ನಗರದ ಕೈತೋಟಗಾರರೂ ಬೀಜ, ಗೊಬ್ಬರಗಳಿಗಾಗಿ ಬರುತ್ತಾರೆ. ಯಲಹಂಕದ ಪಶ್ಚಿಮಕ್ಕಿರುವ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ.

ಹವಾಗುಣ ಮತ್ತು ಬಿತ್ತನೆಯ ಕಾಲ

ಗಡ್ಡೆ ಚೆನ್ನಾಗಿ ಬೆಳೆಯಲು 15ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಅನುಕೂಲಕರ. ಬೆಂಗಳೂರಿನಲ್ಲಿ ಏಪ್ರಿಲ್ ಒಂದನ್ನು ಬಿಟ್ಟರೆ ಉಳಿದ ತಿಂಗಳುಗಳಲ್ಲಿ ಬೀಟ್‌ರೂಟ್ ಹೇಗೋ ಬೆಳೆಯುತ್ತದೆ ಎಂಬ ಮಾತಿದ್ದರೂ, ಗುಣಮಟ್ಟದ ದೃಷ್ಟಿಯಿಂದ ಎಲ್ಲ ಕಾಲವೂ ಒಂದೇ ಅಲ್ಲ. ಬಿಸಿ ಹೆಚ್ಚಾದಾಗ ಗಡ್ಡೆಯೊಳಗೆ ಕೆಂಪು ಮತ್ತು ಬಿಳಿ ಉಂಗುರಗಳು ಎದ್ದು ಕಾಣುತ್ತವೆ, ಬಣ್ಣ ತೆಳುವಾಗುತ್ತದೆ, ಸಿಹಿ ತಗ್ಗಿ ನಾರು ಹೆಚ್ಚುತ್ತದೆ.

ಜೂನ್–ಜುಲೈ ಮತ್ತು ಅಕ್ಟೋಬರ್–ನವೆಂಬರ್ ಇಲ್ಲಿನ ಎರಡು ಬಿತ್ತನೆಯ ಕಾಲಗಳು. ಇವುಗಳಲ್ಲಿ ಎರಡನೆಯದೇ ಮೇಲು. ಆದರೆ ಬೆಂಗಳೂರಿನ ಮಳೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿಯೇ ಹೆಚ್ಚು. ಹಸ್ತ, ಚಿತ್ತಾ ಮಳೆಗಳ ಹೊಡೆತಕ್ಕೆ ಆಗತಾನೆ ಮೊಳೆತ ಸಸಿಗಳು ಕೊಳೆತು ಮಲಗುತ್ತವೆ. ಅಕ್ಟೋಬರ್ ಕೊನೆಯಲ್ಲಿ ಸ್ವಾತಿ ಮಳೆ ಹುಟ್ಟುವ ವೇಳೆಗೆ ಬಿತ್ತಿದರೆ ಮಳೆಯ ತೇವದಲ್ಲಿ ಮೊಳಕೆಯೂ, ಡಿಸೆಂಬರ್ ಮತ್ತು ಜನವರಿಯ ತಂಪಿನಲ್ಲಿ ಗಡ್ಡೆಯೂ ಬೆಳೆಯುತ್ತವೆ. ಫೆಬ್ರುವರಿಯ ಬಿಸಿಲು ಏರುವ ಮೊದಲೇ ಕೊಯ್ಲು ಮುಗಿಯುತ್ತದೆ. ತಾರಸಿಯಲ್ಲಿ ಮಳೆಗೆ ಮರೆ ಮಾಡಲು ಸಾಧ್ಯವಿರುವವರು ಸೆಪ್ಟೆಂಬರ್ ಮಧ್ಯದಿಂದಲೇ ಆರಂಭಿಸಿ, ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತಿ, ಎಲ್ಲವೂ ಒಮ್ಮೆಲೇ ಬಲಿಯದಂತೆ ನೋಡಿಕೊಳ್ಳುತ್ತಾರೆ.

ಬಿಸಿಲು

ದಿನಕ್ಕೆ ಕನಿಷ್ಠ ಐದಾರು ಗಂಟೆಗಳ ನೇರ ಬಿಸಿಲು ಇಲ್ಲದಿದ್ದರೆ ಬೀಟ್‌ರೂಟ್ ಗಡ್ಡೆ ಕಟ್ಟುವುದಿಲ್ಲ. ಒತ್ತಾಗಿ ಕಟ್ಟಿದ ಬಡಾವಣೆಗಳಲ್ಲಿ ಇದು ಸುಲಭದ ಮಾತಲ್ಲ. ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆಯ ಸುತ್ತ ಉಳಿಯುವುದು ಕೆಲವೇ ಅಡಿಗಳ ಓಣಿ. ಅದರಲ್ಲೂ ಒಂದು ಸೂಕ್ಷ್ಮವಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮತ್ತು ಆಗಸ್ಟ್ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಅಥವಾ ತುಸು ಉತ್ತರಕ್ಕಿರುತ್ತಾನೆ. ಆಗ ಮನೆಯ ಉತ್ತರದ ಓಣಿಗೂ ಬಿಸಿಲು ಬೀಳುತ್ತದೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯನ ಎತ್ತರ ಸುಮಾರು 53 ಡಿಗ್ರಿಗೆ ಇಳಿಯುತ್ತದೆ. 7 ಮೀಟರ್ ಎತ್ತರದ ಎರಡಂತಸ್ತಿನ ಮನೆಯ ನೆರಳು ಆಗ ಉತ್ತರಕ್ಕೆ 5 ಮೀಟರಿಗೂ ಹೆಚ್ಚು ಚಾಚಿರುತ್ತದೆ. ಜೂನ್‌ನಲ್ಲಿ ಬಿಸಿಲು ಕಂಡು ಆರಿಸಿದ ಜಾಗ ಬೀಟ್‌ರೂಟ್ ಬೆಳೆಯುವ ಕಾಲಕ್ಕೆ ಇಡೀ ದಿನ ನೆರಳಿನಲ್ಲಿರಬಹುದು. ನೆಲದಲ್ಲಿ ಬೆಳೆಯುವವರಿಗೆ ಮನೆಯ ದಕ್ಷಿಣದ ಅಂಚು ಅಥವಾ ಪೂರ್ವದ ಅಂಗಳ ಸೂಕ್ತ; ಅವೆರಡೂ ಇಲ್ಲದಿದ್ದರೆ ತಾರಸಿಯೇ ಗತಿ.

ಬೆಂಗಳೂರಿನಲ್ಲಿ ತಾರಸಿ ತೋಟಗಾರಿಕೆಯನ್ನು ಜನಪ್ರಿಯಗೊಳಿಸಿದವರಲ್ಲಿ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಬಿ. ಎನ್. ವಿಶ್ವನಾಥ್ ಪ್ರಮುಖರು. ‘ಊಟ ಫ್ರಂ ಯುವರ್ ತೋಟ’ ಎಂಬ ಹೆಸರಿನ ತಾರಸಿ ತೋಟಗಾರರ ಸಂತೆ 2011ರಲ್ಲಿ ಆರಂಭವಾಯಿತು.

ಮಣ್ಣು

ಈ ಭಾಗದ ಸ್ವಾಭಾವಿಕ ಮಣ್ಣು ಕೆಂಪು ಮಣ್ಣು. ಒಣಗಿದಾಗ ಗಟ್ಟಿಯಾಗುವ, ಸಾವಯವ ಅಂಶ ಕಡಿಮೆಯಿರುವ ಈ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರವನ್ನು ಧಾರಾಳವಾಗಿ ಬೆರೆಸಿ, ಒಂದು ಗೇಣಿಗಿಂತ ಆಳವಾಗಿ ಅಗೆದು, ಕಲ್ಲು ಮತ್ತು ಹೆಂಟೆಗಳನ್ನು ತೆಗೆದು ಏರುಮಡಿ ಮಾಡಲಾಗುತ್ತದೆ. ಹಸಿ ಸಗಣಿ ಅಥವಾ ಅರೆಗಳಿತ ಗೊಬ್ಬರ ಹಾಕಿದರೆ ಬೇರು ಕವಲೊಡೆಯುತ್ತದೆ. ಕುಂಡಗಳಿಗೆ ಕೆಂಪು ಮಣ್ಣು, ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಪಾಲಿನಲ್ಲಿ ಬೆರೆಸಿ ತುಂಬುವುದು ರೂಢಿ. 25–30 ಸೆಂಟಿಮೀಟರ್ ಆಳವಿದ್ದರೆ ಸಾಕು.

ಬೀಟ್‌ರೂಟಿಗೆ ಹುಳಿ ಮಣ್ಣು ಆಗದು. ಮಣ್ಣಿನ ರಸಸಾರ 6ರಿಂದ 7ರ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಹುಳಿಯಾಗಿದ್ದರೆ ಸುಣ್ಣ ಬೆರೆಸುವುದುಂಟು. ಆದರೆ ಹೊಸ ಬಡಾವಣೆಗಳ ಹಿತ್ತಿಲುಗಳಲ್ಲಿ ಪರಿಸ್ಥಿತಿ ಇದಕ್ಕೆ ತಿರುಗುಮುರುಗು. ಮನೆ ಕಟ್ಟಿದ ನಂತರ ಉಳಿದ ಸಿಮೆಂಟ್, ಗಾರೆ, ಜಲ್ಲಿಗಳು ಮಣ್ಣಿನಲ್ಲಿ ಬೆರೆತು ಅದು ಕ್ಷಾರೀಯವಾಗಿರುತ್ತದೆ. ಅಂತಹ ಮಣ್ಣಿನಲ್ಲಿ ಬೋರಾನ್ ಪೋಷಕಾಂಶ ಬೇರಿಗೆ ಸಿಗುವುದಿಲ್ಲ. ಬೋರಾನ್ ಕೊರತೆಯಾದಾಗ ಗಡ್ಡೆಯೊಳಗೆ ಕಪ್ಪನೆಯ, ಬೆಂಡಿನಂತಹ ಕಲೆಗಳು ಮೂಡುತ್ತವೆ. ಹೊರಗಿನಿಂದ ನೋಡಿದರೆ ಏನೂ ತಿಳಿಯದೆ, ಕತ್ತರಿಸಿದಾಗ ಮಾತ್ರ ಗೊತ್ತಾಗುವುದರಿಂದ ಇದನ್ನು ಹುಳುವಿನ ಕಾಟವೆಂದು ತಪ್ಪಾಗಿ ತಿಳಿಯುವವರೇ ಹೆಚ್ಚು. ಚದರ ಮೀಟರಿಗೆ 1ರಿಂದ 2 ಗ್ರಾಂ ಬೋರ್ಯಾಕ್ಸ್ ಅನ್ನು ನೀರಿನಲ್ಲಿ ಕರಗಿಸಿ ಬಿತ್ತನೆಗೆ ಮೊದಲು ಮಣ್ಣಿಗೆ ಕೊಟ್ಟರೆ ಕೊರತೆ ನೀಗುತ್ತದೆ. ಚಿಟಿಕೆಯ ಲೆಕ್ಕದಲ್ಲಿ ಹಾಕದೆ ತೂಗಿಯೇ ಹಾಕಬೇಕು, ಏಕೆಂದರೆ ಹೆಚ್ಚಾದ ಬೋರಾನ್ ಅದೇ ಮಡಿಯಲ್ಲಿ ಮುಂದೆ ಬೆಳೆಯುವ ಹುರುಳಿಕಾಯಿಗೆ ವಿಷವಾಗುತ್ತದೆ. ಹೆಸರಘಟ್ಟದ ಸಂಸ್ಥೆ ರೂಪಿಸಿರುವ ‘ಅರ್ಕಾ ವೆಜಿಟೆಬಲ್ ಸ್ಪೆಷಲ್’ ಎಂಬ ಲಘು ಪೋಷಕಾಂಶಗಳ ಮಿಶ್ರಣದಲ್ಲಿಯೂ ಬೋರಾನ್ ಇದ್ದು, ಅದನ್ನು ಎಲೆಗಳ ಮೇಲೆ ಸಿಂಪಡಿಸಲಾಗುತ್ತದೆ.

ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಯುವ ಕೆರೆಗೋಡು ಹಳೆಯ ಮೈಸೂರು ಸೀಮೆಯ ರೈತರಿಗೆ ಚಿನ್ನದಂತಹ ಗೊಬ್ಬರವಾಗಿತ್ತು. ನಗರದ ಕೆರೆಗಳ ಹೂಳಿಗೆ ಈ ಮಾತು ಇಂದು ಅನ್ವಯಿಸುವುದಿಲ್ಲ. ದಶಕಗಳ ಕಾಲ ಒಳಚರಂಡಿಯ ನೀರು ಮತ್ತು ಕೈಗಾರಿಕಾ ತ್ಯಾಜ್ಯ ಹರಿದ ಕೆರೆಗಳ ಹೂಳಿನಲ್ಲಿ ಭಾರಲೋಹಗಳು ಸೇರಿರುವ ಸಾಧ್ಯತೆಯಿದೆ. ಪಾಲಕ್, ಬೀಟ್‌ರೂಟ್ ಜಾತಿಯ ಸಸ್ಯಗಳು ಕ್ಯಾಡ್ಮಿಯಂ ಲೋಹವನ್ನು ಮಣ್ಣಿನಿಂದ ಹೀರಿ ಎಲೆಗಳಲ್ಲಿ ಶೇಖರಿಸಿಕೊಳ್ಳುವುದರಲ್ಲಿ ಬೇರೆ ಅನೇಕ ತರಕಾರಿಗಳಿಗಿಂತ ಮುಂದಿವೆ. ಯಶವಂತಪುರಕ್ಕೆ ಹತ್ತಿರದ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಮಾಲಿನ್ಯ ವರದಿಯಾಗಿದೆ. ಮೂಲ ತಿಳಿಯದ ಮಣ್ಣನ್ನು ಲಾರಿಯಲ್ಲಿ ತರಿಸುವುದಕ್ಕಿಂತ, ಸೊಪ್ಪನ್ನೂ ತಿನ್ನಲಾಗುವ ಈ ಬೆಳೆಗೆ ಮನೆಯ ಕಸದಿಂದಲೇ ಮಾಡಿದ ಗೊಬ್ಬರ ಹೆಚ್ಚು ನಂಬಿಕೆಗೆ ಅರ್ಹ.

ತಳಿಗಳು

ಕೈತೋಟಗಳಲ್ಲಿ ಅತಿ ಹೆಚ್ಚು ಕಾಣುವ ತಳಿ ‘ಡೆಟ್ರಾಯಿಟ್ ಡಾರ್ಕ್ ರೆಡ್’. ಅಮೆರಿಕದ ಡೆಟ್ರಾಯಿಟ್ ನಗರದ ಡಿ. ಎಂ. ಫೆರ್ರಿ ಬೀಜ ಕಂಪನಿ ಇದನ್ನು 1892ರಲ್ಲಿ ಬಿಡುಗಡೆ ಮಾಡಿತು. ಗುಂಡಗಿನ, ಒಂದೇ ಸಮನೆ ಕಡುಗೆಂಪಾಗಿರುವ ಗಡ್ಡೆ ಇದರ ಲಕ್ಷಣ. ‘ಕ್ರಿಮ್ಸನ್ ಗ್ಲೋಬ್’ ಮತ್ತು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಊಟಿ ಕೇಂದ್ರದ ‘ಊಟಿ-1’ ಇತರ ತಳಿಗಳು. ಬಿಳಿ–ಗುಲಾಬಿ ಉಂಗುರಗಳ ಇಟಲಿಯ ‘ಕಿಯೋಜಿಯಾ’ ತಳಿಯ ಬೀಜವೂ ಈಗ ಸಿಗುತ್ತದೆ. ಬೆಂಗಳೂರಿನ ಬಿಸಿಗೆ ಕೆಂಪು ತಳಿಯೇ ಉಂಗುರ ಬಿಡುವಾಗ ಅದರ ಅಂದವನ್ನು ಪ್ರತ್ಯೇಕವಾಗಿ ಹುಡುಕುವ ಅಗತ್ಯ ಕಡಿಮೆ.

ಬಿತ್ತನೆ ಮತ್ತು ಆರೈಕೆ

ಅಂಗಡಿಯಲ್ಲಿ ಸಿಗುವ ಒರಟಾದ ‘ಬೀಜ’ ವಾಸ್ತವವಾಗಿ ಒಂದೇ ಬೀಜವಲ್ಲ. ಎರಡು ಮೂರು ಹೂಗಳ ಕಾಯಿಗಳು ಒಂದಾಗಿ ಬೆಸೆದುಕೊಂಡ ಗಂಟು ಅದು. ಒಂದು ಕಡೆ ಒಂದೇ ಗಂಟನ್ನು ಊರಿದರೂ ಎರಡು, ಮೂರು ಅಥವಾ ನಾಲ್ಕು ಸಸಿಗಳು ಏಳುತ್ತವೆ. ಗಂಟಿನ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕಗಳಿರುವುದರಿಂದ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬಣ್ಣಗೂಡಿದ ಆ ನೀರನ್ನು ಚೆಲ್ಲಿ, ಮತ್ತೊಮ್ಮೆ ತೊಳೆದು ಬಿತ್ತುವುದು ಒಳ್ಳೆಯದು. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಸಾಲಿನಲ್ಲಿ 10 ಸೆಂಟಿಮೀಟರ್ ಅಂತರವಿಟ್ಟು ಸುಮಾರು 2 ಸೆಂಟಿಮೀಟರ್ ಆಳದಲ್ಲಿ ಊರಬೇಕು. ಒಂದು ವಾರದಿಂದ ಹತ್ತು ದಿನಗಳೊಳಗೆ ಮೊಳಕೆ ಕಾಣಿಸುತ್ತದೆ.

ಸಸಿಗೆ ಮೂರು ನಾಲ್ಕು ಎಲೆ ಬಂದಾಗ ಪ್ರತಿ ಗುಂಪಿನಲ್ಲಿ ಒಂದು ಪುಷ್ಟವಾದ ಸಸಿಯನ್ನು ಉಳಿಸಿ ಮಿಕ್ಕವನ್ನು ತೆಗೆದುಹಾಕಬೇಕು. ಇಡೀ ಬೆಳೆಯ ಭವಿಷ್ಯ ನಿಂತಿರುವುದು ಈ ಕೆಲಸದ ಮೇಲೆ. ಕೈತೋಟಗಾರರು ಸಾಮಾನ್ಯವಾಗಿ ಮನಸ್ಸು ಮಾಡದಿರುವುದೂ ಇದಕ್ಕೇ. ಹುಟ್ಟಿದ ಸಸಿಯನ್ನು ಕೀಳಲು ಕೈ ಬಾರದೆ ಎಲ್ಲವನ್ನೂ ಬಿಟ್ಟರೆ ಒಂದೂ ಗಡ್ಡೆಯಾಗುವುದಿಲ್ಲ. ಕಿತ್ತರೆ ಪಕ್ಕದ ಸಸಿಯ ಬೇರು ಅಲುಗುವುದರಿಂದ ಬುಡದಲ್ಲಿ ಕತ್ತರಿಯಿಂದ ಕತ್ತರಿಸುವುದು ಉತ್ತಮ. ಕತ್ತರಿಸಿದ ಎಳೆಯ ಸಸಿಗಳು ಸೊಪ್ಪಾಗಿ ಅಡುಗೆಗೆ ಬರುತ್ತವೆ.

ಗಡ್ಡೆ ಊದತೊಡಗಿದಾಗ ಮಣ್ಣಿನ ಮೇಲೆ ಕಾಣುವ ಭಾಗಕ್ಕೆ ಬಿಸಿಲು ತಾಕಿ ಸಿಪ್ಪೆ ಒರಟಾಗುತ್ತದೆ. ಆಗ ಬುಡಕ್ಕೆ ಮಣ್ಣು ಏರಿಸಿ, ತರಗೆಲೆ ಅಥವಾ ಒಣಹುಲ್ಲನ್ನು ಹೊದಿಸಲಾಗುತ್ತದೆ.

ನೀರು

ಡಿಸೆಂಬರ್ ಹವೆಯಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು ಬೇಕು. ಮೂರು ತಿಂಗಳ ಬೆಳೆಗೆ ಇದು 360 ಲೀಟರಿನ ಆಸುಪಾಸಿಗೆ ಬರುತ್ತದೆ. ನೀರು ಹೆಚ್ಚು ಕಡಿಮೆಯಾಗದೆ ಒಂದೇ ಸಮನೆ ಸಿಗುವುದು ಮುಖ್ಯ. ಒಣಗಿಸಿ ಮತ್ತೆ ಧಾರಾಳವಾಗಿ ಹಾಯಿಸಿದರೆ ಗಡ್ಡೆ ಸೀಳುತ್ತದೆ.

ಅಂತರ್ಜಲ ಆಳಕ್ಕಿಳಿದಿರುವ ಉತ್ತರ ಬೆಂಗಳೂರಿನಲ್ಲಿ ಈ 360 ಲೀಟರ್ ಎಲ್ಲಿಂದ ಎಂಬುದು ನಿಜವಾದ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿ ಕೈತೋಟ, ವಾಹನ ತೊಳೆಯುವಿಕೆ ಮೊದಲಾದವುಗಳಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದರೆ ಒಂದು ಸಣ್ಣ ಮಡಿಯ ಅಗತ್ಯ ಬಹುಮಟ್ಟಿಗೆ ಪೂರೈಸುತ್ತದೆ. ಸೋಪಿನ ನೀರು ಎಳೆಯ ಸಸಿಗಳಿಗೆ ಆಗದು.

ಕೊಳವೆಬಾವಿಯ ಗಡಸು ನೀರಿನ ವಿಷಯದಲ್ಲಿ ಬೀಟ್‌ರೂಟ್ ಬೇರೆ ತರಕಾರಿಗಳಿಗಿಂತ ಗಟ್ಟಿ. ಕಡಲ ತೀರದ ಪೂರ್ವಜರ ಗುಣವನ್ನು ಅದು ಉಳಿಸಿಕೊಂಡಿದೆ. ಮಣ್ಣಿನ ಲವಣಾಂಶ ಮೀಟರಿಗೆ 1 ಡೆಸಿಸೀಮೆನ್ಸ್ ದಾಟಿದರೆ ಕ್ಯಾರೆಟ್ ಮತ್ತು ಹುರುಳಿಕಾಯಿಯ ಇಳುವರಿ ಕುಗ್ಗತೊಡಗುತ್ತದೆ. ಕೆಂಪು ಬೀಟ್‌ರೂಟ್ 4ರವರೆಗೂ ತಾಳುತ್ತದೆ. ನೀರು ಶುದ್ಧೀಕರಣ ಯಂತ್ರದಿಂದ ಹೊರಹೋಗುವ ಉಪ್ಪುಭರಿತ ನೀರನ್ನೂ ಬೇರೆ ನೀರಿನೊಡನೆ ಬೆರೆಸಿ ಇದಕ್ಕೆ ಹಾಕಬಹುದು. ಆದರೆ ಈ ಸಹನೆ ಬೆಳೆದ ಗಿಡದ್ದು ಮಾತ್ರ. ಮೊಳಕೆಯ ಹಂತದಲ್ಲಿ ಬೀಟ್‌ರೂಟೂ ಉಪ್ಪಿಗೆ ಸೋಲುತ್ತದೆಯಾದ್ದರಿಂದ ಮೊದಲ ಮೂರು ವಾರ ಸಿಹಿನೀರು ಅಥವಾ ಹಿಡಿದಿಟ್ಟ ಮಳೆನೀರು ಅಗತ್ಯ.

ಗಡ್ಡೆ ಕಟ್ಟದಿರಲು ಕಾರಣಗಳು

ಸಸಿಗಳನ್ನು ತೆಳುವಾಗಿಸದಿರುವುದು ಮತ್ತು ನೆರಳು ಮೊದಲ ಎರಡು ಕಾರಣಗಳು. ಮೂರನೆಯದು ಸಾರಜನಕದ ಅತಿರೇಕ. ಸೊಪ್ಪು ಸೊರಗಿದಂತೆ ಕಂಡಾಗಲೆಲ್ಲ ಕಡಲೆಹಿಂಡಿಯ ನೀರು, ಸಗಣಿಯ ಬಗ್ಗಡ, ಗಂಜಲವನ್ನು ಸುರಿಯುತ್ತಿದ್ದರೆ ಗಿಡ ಎಲೆಯನ್ನೇ ಬೆಳೆಸುತ್ತದೆ. ಗಡ್ಡೆ ಊದುವ ಹಂತದಲ್ಲಿ ಬೇಕಾದದ್ದು ಪೊಟ್ಯಾಷ್; ಸೌದೆಯ ಬೂದಿಯನ್ನು ಹುಳಿ ಮಣ್ಣಿಗೆ ಮಾತ್ರ ಸ್ವಲ್ಪ ಪ್ರಮಾಣದಲ್ಲಿ ಕೊಡಬಹುದು. ಇದಲ್ಲದೆ ಅಡುಗೆಗೆಂದು ಪದೇ ಪದೇ ಎಲೆ ಕೀಳುವುದರಿಂದಲೂ ಗಡ್ಡೆ ಸಣ್ಣದಾಗುತ್ತದೆ, ಏಕೆಂದರೆ ಗಡ್ಡೆಗೆ ಸೇರುವ ಸಕ್ಕರೆ ತಯಾರಾಗುವುದು ಎಲೆಯಲ್ಲಿ. ಗಿಡಕ್ಕೆ ಒಂದೆರಡು ಹೊರ ಎಲೆಗಿಂತ ಹೆಚ್ಚು ಕೀಳಬಾರದು.

ಕೀಟ ಮತ್ತು ರೋಗಗಳು

ಎಲೆಯ ಮೇಲೆ ಬಿಳಿ ಗೆರೆಗಳನ್ನು ಎಳೆಯುವ ರಂಗೋಲಿ ಹುಳು ಸಾಮಾನ್ಯ. ಮುತ್ತಿದ ಎಲೆಗಳನ್ನು ಕಿತ್ತು ನಾಶಪಡಿಸಿ, ಬೇವಿನ ಎಣ್ಣೆಯನ್ನು ಸಿಂಪಡಿಸಲಾಗುತ್ತದೆ. ಕೆಂಪು ಅಂಚಿನ ಸಣ್ಣ ಬೂದು ಚುಕ್ಕೆಗಳು ಸರ್ಕೋಸ್ಪೋರಾ ಶಿಲೀಂಧ್ರದ ಎಲೆಚುಕ್ಕೆ ರೋಗದ ಗುರುತು. ಸಂಜೆಯ ವೇಳೆ ಎಲೆಗಳ ಮೇಲೆ ನೀರು ಸುರಿಯುವುದನ್ನು ನಿಲ್ಲಿಸಿದರೆ ಅದು ಎಷ್ಟೋ ಹತೋಟಿಗೆ ಬರುತ್ತದೆ. ಮಳೆಗಾಲದಲ್ಲಿ ಆಫ್ರಿಕದ ದೈತ್ಯ ಬಸವನಹುಳು ರಾತ್ರೋರಾತ್ರಿ ಸಸಿಗಳನ್ನು ಬೋಳಿಸುತ್ತದೆ. ನೆಲದ ತೋಟದಲ್ಲಿ ಇವೆಲ್ಲಕ್ಕಿಂತ ದೊಡ್ಡ ಶತ್ರು ಹೆಗ್ಗಣ. ಸಿಹಿಯಾದ ಗಡ್ಡೆ ಬಲಿಯುವ ದಿನವನ್ನು ಅದು ಬೆಳೆಗಾರನಿಗಿಂತ ಚೆನ್ನಾಗಿ ಬಲ್ಲದು.

ಕೊಯ್ಲು ಮತ್ತು ಇಳುವರಿ

ಬಿತ್ತಿದ 70ರಿಂದ 90 ದಿನಗಳಲ್ಲಿ, ಗಡ್ಡೆ 5ರಿಂದ 7 ಸೆಂಟಿಮೀಟರ್ ದಪ್ಪವಾದಾಗ ಕೀಳಬೇಕು. ಇನ್ನೂ ದಪ್ಪವಾಗಲೆಂದು ಬಿಟ್ಟರೆ ನಾರಾಗುತ್ತದೆ. ಎಲೆಗಳನ್ನು ಗಡ್ಡೆಯ ಮೇಲೆ ಎರಡು ಬೆರಳಿನಷ್ಟು ದಂಟು ಉಳಿಯುವಂತೆ ತಿರುಚಿ ತೆಗೆಯಲಾಗುತ್ತದೆ. ಬುಡಕ್ಕೇ ಕತ್ತರಿಸಿದರೆ ಬೇಯಿಸುವಾಗ ಬಣ್ಣ ಸೋರಿಹೋಗುತ್ತದೆ. ಹೊಲಗಳಲ್ಲಿ ಹೆಕ್ಟೇರಿಗೆ 20ರಿಂದ 30 ಟನ್ ಇಳುವರಿ ಬರುತ್ತದೆ, ಅಂದರೆ ಚದರ ಮೀಟರಿಗೆ 2ರಿಂದ 3 ಕಿಲೋಗ್ರಾಂ. ಕೈತೋಟದಲ್ಲಿಯೂ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸಲಾಗದು. ಹಣದ ಲೆಕ್ಕದಲ್ಲಿ ಇದು ಉಳಿತಾಯವಲ್ಲ. ಅಂಗಡಿಗೆ ಬರುವ ವೇಳೆಗೆ ಬಾಡಿರುವ ಅಥವಾ ಕತ್ತರಿಸಿಯೇ ಹೋಗಿರುವ ಸೊಪ್ಪು ತಾಜಾ ಆಗಿ ದೊರೆಯುವುದು ಮನೆಯಲ್ಲಿ ಬೆಳೆಯುವುದರ ಮುಖ್ಯ ಲಾಭ.

ಆಹಾರವಾಗಿ

ಗಡ್ಡೆಯಿಂದ ತೆಂಗಿನತುರಿ ಹಾಕಿದ ಪಲ್ಯ, ಹುಳಿ, ಮೊಸರುಬಜ್ಜಿ, ಹಲ್ವ ಮುಂತಾದವನ್ನು ಮಾಡುತ್ತಾರೆ. ಸೊಪ್ಪನ್ನು ಬೇಳೆಯೊಡನೆ ಬೇಯಿಸಿ ಬಸ್ಸಾರು ಮಾಡುವುದುಂಟು.

ಬೀಟ್‌ರೂಟ್ ತಿಂದರೆ ರಕ್ತ ಹೆಚ್ಚುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದಕ್ಕೆ ಆಧಾರ ಬಣ್ಣದ ಹೋಲಿಕೆಯೇ ಹೊರತು ಕಬ್ಬಿಣಾಂಶವಲ್ಲ. 100 ಗ್ರಾಂ ಹಸಿ ಗಡ್ಡೆಯಲ್ಲಿರುವ ಕಬ್ಬಿಣ ಸುಮಾರು 0.8 ಮಿಲಿಗ್ರಾಂ ಮಾತ್ರ. ಅದೇ ಗಿಡದ ಸೊಪ್ಪಿನಲ್ಲಿ ಅದರ ಮೂರರಷ್ಟಿದೆ. ರಕ್ತಹೀನತೆಗೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯ ಬದಲು ಬೀಟ್‌ರೂಟ್ ರಸ ಕುಡಿಯುವುದು ಸರಿಯಾದ ಚಿಕಿತ್ಸೆಯಲ್ಲ. ಗಡ್ಡೆಯಲ್ಲಿ ನಿಜವಾಗಿ ಹೇರಳವಾಗಿರುವುದು ಫೋಲೇಟ್. 100 ಗ್ರಾಮಿಗೆ ಸುಮಾರು 109 ಮೈಕ್ರೋಗ್ರಾಂ. ಅದರಲ್ಲಿರುವ ನೈಟ್ರೇಟ್ ರಕ್ತದೊತ್ತಡವನ್ನು ತುಸು ತಗ್ಗಿಸುತ್ತದೆ. ಇದೇ ನೈಟ್ರೇಟಿನ ಕಾರಣದಿಂದ ಆರು ತಿಂಗಳೊಳಗಿನ ಶಿಶುಗಳಿಗೆ ಬೀಟ್‌ರೂಟ್ ರಸ ಕೊಡಬಾರದು. ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ಮಿತವಾಗಿ ಬಳಸಬೇಕು. ಬೀಟ್‌ರೂಟ್ ತಿಂದ ನಂತರ ಕೆಲವರಲ್ಲಿ ಮೂತ್ರ ಕೆಂಪಾಗುವುದುಂಟು. ಅದು ಜೀರ್ಣವಾಗದೆ ಉಳಿದ ವರ್ಣದ್ರವ್ಯ, ರಕ್ತವಲ್ಲ. ಒಂದೆರಡು ದಿನ ಬೀಟ್‌ರೂಟ್ ಬಿಟ್ಟ ಮೇಲೆಯೂ ಬಣ್ಣ ಹಾಗೆಯೇ ಉಳಿದರೆ ವೈದ್ಯರನ್ನು ಕಾಣಬೇಕು.